ಬಾಯ್ಲರಿಗೆ ಕಟ್ಟಿದ ರವಿಕೆ ಕಣ

ನಮ್ಮ ಮನೆಯಲ್ಲಿ ಕುಕ್ಕರು ಒಲೆಯ ಮೇಲಿದ್ದರೆ ನಾನು ಹಿತ್ತಲಿನಲ್ಲಿರುತ್ತೇನೆ. ಬಂಧುಬಳಗಕ್ಕೆಲ್ಲ ಗೊತ್ತಿರುವ ವಿಷಯ ಇದು. ಬೇಳೆ ತೊಳೆದು, ನೀರು ಹಾಕಿ, ಮುಚ್ಚಳ ಬಿಗಿದು, ಅದರ ನೆತ್ತಿಯ ಮೇಲೆ ಗುಂಡು ಕೂರಿಸಿದ ಮೇಲೆ ನನಗೂ ಅಡುಗೆಮನೆಗೂ ಸಂಬಂಧವಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತು ಕೂಗು ಎಣಿಸುತ್ತೇನೆ. ಮೂರಾಯಿತು ಎಂದು ಅಲ್ಲಿಂದಲೇ ಹೇಳುತ್ತೇನೆ. ಒಳಗೆ ಹೋಗಿ ಒಲೆ ಆರಿಸುವುದು ನಮ್ಮ ಯಜಮಾನರ ಕೆಲಸ. ಅವರು ಊರಿನಲ್ಲಿಲ್ಲದ ದಿನ ನಮ್ಮಲ್ಲಿ ಉಪ್ಪಿಟ್ಟು, ಅದೂ ತೆರೆದ ಬಾಣಲೆಯಲ್ಲಿ.

ಇಷ್ಟಕ್ಕೇ ನೀವು ನಗುತ್ತಿದ್ದರೆ ಇನ್ನೊಂದು ಮಾತು ಹೇಳುತ್ತೇನೆ, ಚೆನ್ನಾಗಿ ನಗಿ. ನಾನು ವಿಜ್ಞಾನದ ಶಿಕ್ಷಕಿ. ಚಾಮರಾಜನಗರದಲ್ಲಿ ಮನೆ, ಸಂತೆಮರಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕೆಲಸ. ಇಪ್ಪತ್ತಾರು ವರ್ಷದಿಂದ ಘನ, ದ್ರವ, ಅನಿಲ ಎಂದು ಹೇಳಿಕೊಡುತ್ತಾ ಬಂದಿದ್ದೇನೆ. ಆ ಪಾಠ ಬಂದಾಗ ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗುತ್ತೇನೆ. ಒಬ್ಬರಿಗೊಬ್ಬರು ಅಂಟಿಕೊಂಡು ಕೈ ಬಿಗಿಹಿಡಿದು ನಿಲ್ಲಿ, ನೀವೀಗ ಮಂಜುಗಡ್ಡೆ ಅನ್ನುತ್ತೇನೆ. ಕೈ ಸಡಿಲ ಮಾಡಿ ಒಬ್ಬರ ಪಕ್ಕ ಒಬ್ಬರು ಸರಿದಾಡಿ, ನೀವೀಗ ನೀರು. ಕೈ ಬಿಟ್ಟು ಓಡಿ, ನೀವೀಗ ಹಬೆ. ಹಬೆ ಆಗಿ ಅಂದ ಕೂಡಲೇ ಇಡೀ ತರಗತಿ ಕಾಂಪೌಂಡು ಹಾರಿ ಬಿಡುತ್ತದೆ. ಮಧ್ಯಾಹ್ನದ ಊಟದ ಗಂಟೆ ಹೊಡೆಯುವವರೆಗೆ ಒಬ್ಬರೂ ಮತ್ತೆ ನೀರಾಗುವುದಿಲ್ಲ. ಹೆಡ್ಮಾಸ್ಟರು ಈ ಪ್ರಯೋಗವನ್ನು ವರ್ಷಕ್ಕೆ ಒಂದೇ ಸಲ ಮಾಡಿ ಎಂದು ಕೈಮುಗಿದು ಕೇಳಿಕೊಂಡಿದ್ದಾರೆ.

ಹಬೆಯ ಪಾಠ ಮಾಡುವವಳು ಹಬೆಗೆ ಹೆದರಿ ಹಿತ್ತಲು ಸೇರುತ್ತಾಳೆ ಎಂದು ಯಜಮಾನರು ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದರು. ನಾನೂ ನಗುತ್ತಿದ್ದೆ. ಇದೆಲ್ಲ ಹೋದ ವರ್ಷದ ಮಾಘದವರೆಗೆ. ಆ ಮಾಘದ ಒಂದು ಭಾನುವಾರ ಭೀಮನಬೀಡಿನ ಹೊಲದಲ್ಲಿ ನನ್ನ ಒಬ್ಬನೇ ತಮ್ಮ ಮಾದೇವ ಸಾಯುವುದಿತ್ತು, ಅದೂ ನಾನು ಹಾಕಿದ ಗಂಟಿನಿಂದ. ಅದನ್ನು ಹೇಳಬೇಕೆಂದೇ ಕೂತಿದ್ದೇನೆ. ಆದರೆ ನೇರವಾಗಿ ಅಲ್ಲಿಗೆ ಹೋಗಲು ಧೈರ್ಯ ಸಾಲದು. ಸ್ವಲ್ಪ ಸುತ್ತು ಹಾಕಿಕೊಂಡು ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಹುಟ್ಟಿದ್ದು ಭೀಮನಬೀಡಿನಲ್ಲೇ. ಚಿಕ್ಕವಳಿದ್ದಾಗಿನಿಂದ ನನಗೆ ಒಂದು ವಸ್ತು ಇದ್ದ ಹಾಗೇ ಇರಬೇಕು. ಇನ್ನೊಂದಾದರೆ ಭಯ. ನಮ್ಮ ಕಡೆ ಚಳಿಗಾಲ ಚೆನ್ನಾಗಿ ಕಚ್ಚುತ್ತದೆ. ಬಂಡೀಪುರದ ಕಾಡು ಎಷ್ಟು ದೂರ ಮಹಾ. ಆ ದಿನಗಳಲ್ಲಿ ಬೆಳಿಗ್ಗೆ ಎದ್ದರೆ ಕೊಬ್ಬರಿ ಎಣ್ಣೆಯ ಶೀಸೆ ಬೆಳ್ಳಗೆ ಬಿಗಿದುಕೊಂಡಿರುತ್ತಿತ್ತು. ಬಗ್ಗಿಸಿದರೂ ಬೀಳುವುದಿಲ್ಲ, ಅಲ್ಲಾಡಿಸಿದರೂ ಅಲ್ಲಾಡುವುದಿಲ್ಲ. ಎಣ್ಣೆ ಸತ್ತುಹೋಯಿತು ಎಂದು ನಾನು ಅತ್ತೆನಂತೆ. ಅಜ್ಜಿ ಶೀಸೆಯನ್ನು ಬಿಸಿಲಿಗೆ ಇಟ್ಟು, ಒಂದು ಗಳಿಗೆಯಲ್ಲಿ ಬದುಕಿಸಿ ಕೊಟ್ಟಳು. ಸತ್ತದ್ದು ಬದುಕಿ ಬಂದದ್ದು ಕಂಡು ಇನ್ನೂ ಜೋರಾಗಿ ಅತ್ತೆನಂತೆ. ಅಂಥ ಎಣ್ಣೆಯನ್ನು ತಲೆಗೆ ಹಚ್ಚಿಸಿಕೊಳ್ಳುವುದಿಲ್ಲ ಎಂದು ಹಟ ಮಾಡಿ ಒಂದು ವಾರ ತಲೆ ಕೆದರಿಕೊಂಡೇ ಸ್ಕೂಲಿಗೆ ಹೋದೆ.

ಕರ್ಪೂರದ ಕಥೆ ಇದಕ್ಕಿಂತ ಕೆಟ್ಟದ್ದು. ಅಜ್ಜಿ ಕರ್ಪೂರದ ಡಬ್ಬಿಯಲ್ಲಿ ನಾಲ್ಕು ಕಾಳು ಮೆಣಸು ಹಾಕಿಡುತ್ತಿದ್ದಳು. ಮೆಣಸು ಜೊತೆಗಿದ್ದರೆ ಕರ್ಪೂರ ಎಲ್ಲಿಗೂ ಹೋಗುವುದಿಲ್ಲ ಎಂದು ಅವಳ ನಂಬಿಕೆ. ಒಂದು ಸಲ ಕೆಮ್ಮಿಗೆ ಕಷಾಯ ಮಾಡಲು ಆ ಮೆಣಸನ್ನೇ ತೆಗೆದುಬಿಟ್ಟಿದ್ದರು. ಹಬ್ಬಕ್ಕೆ ಡಬ್ಬಿ ತೆರೆದರೆ ಒಳಗೆ ಬರೀ ಕಾಗದ. ಕರಗಿದ ಕಲೆಯಿಲ್ಲ, ಬೂದಿಯಿಲ್ಲ. ಎಲ್ಲಿಗೆ ಹೋಯಿತು ಎಂದು ಕೇಳಿದೆ. ಗಾಳಿಗೆ ಹೋಯಿತು ಅಂದಳು. ಯಾರೂ ಬಾಗಿಲು ತೆರೆಯದೆ, ಯಾರಿಗೂ ಹೇಳದೆ, ಇದ್ದ ಗಟ್ಟಿ ವಸ್ತು ಇದ್ದ ಹಾಗೇ ಗಾಳಿಯಾಗಿ ಹೋಗಬಹುದು ಎನ್ನುವುದು ಏಳು ವರ್ಷದ ಹುಡುಗಿಗೆ ಎಂಥ ಸುದ್ದಿ, ನೀವೇ ಯೋಚಿಸಿ. ಎರಡು ಕಾಳು ಮೆಣಸು ಮುಷ್ಟಿಯಲ್ಲಿ ಹಿಡಿದುಕೊಂಡು ಮಲಗಿದೆ. ತೊಟ್ಟಿಲಿನಲ್ಲಿದ್ದ ಮಾದೇವನ ದುಪ್ಪಟಿಯ ಕೆಳಗೂ ನಾಲ್ಕು ಕಾಳು ಇಟ್ಟೆ. ಅವನು ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು ಊರು ಕೇಳುವ ಹಾಗೆ ಕಿರುಚಿದ, ನನಗೆ ಒದೆ ಬಿತ್ತು. ಮುಂದೆ ಕಾಲೇಜಿನಲ್ಲಿ ಇದಕ್ಕೆ ಉತ್ಪತನ ಎಂಬ ದೊಡ್ಡ ಹೆಸರು ಕಲಿತೆ. ಹೆಸರು ಕಲಿತರೆ ಹೆದರಿಕೆ ಹೋಗುತ್ತದೆ ಎನ್ನುತ್ತಾರೆ. ನನ್ನ ವಿಷಯದಲ್ಲಿ ಹಾಗಾಗಲಿಲ್ಲ.

ಹಬೆಯ ಭಯಕ್ಕೆ ಮಾತ್ರ ಸರಿಯಾದ ಕಾರಣವಿದೆ. ನಮ್ಮದು ಅರಿಶಿನ ಬೆಳೆಯುವ ಮನೆ. ಅರಿಶಿನವನ್ನು ಭೂಮಿಯಿಂದ ಕಿತ್ತ ಮೇಲೆ ಬೇಯಿಸಬೇಕು, ಆಮೇಲೆ ಒಣಗಿಸಬೇಕು. ಬೇಯಿಸದಿದ್ದರೆ ಅದು ಮೊಳೆಯುತ್ತದೆ, ಇಲ್ಲ ಕೊಳೆಯುತ್ತದೆ. ಆಗ ದೊಡ್ಡ ಕೊಪ್ಪರಿಗೆಯಲ್ಲಿ ನೀರು ಹಾಕಿ, ಅರಿಶಿನ ತುಂಬಿ, ಮೇಲೆ ಗೋಣಿಚೀಲ ಹೊದಿಸಿ ಬೇಯಿಸುತ್ತಿದ್ದರು. ಬೆಂದಿದೆಯೇ ನೋಡಲು ಕಡ್ಡಿ ಚುಚ್ಚಬೇಕು. ಒಂದು ದಿನ ಅಜ್ಜಿ ಕಡ್ಡಿ ಹಿಡಿದುಕೊಂಡು ಗೋಣಿಯ ಒಂದು ಮೂಲೆ ಎತ್ತಿದಳು. ನಾನು ಅವಳ ಸೆರಗು ಹಿಡಿದು ನಿಂತಿದ್ದೆ. ಬೆಂಕಿ ತಾಗಲಿಲ್ಲ, ನೀರು ಚೆಲ್ಲಲಿಲ್ಲ, ನನಗೆ ಏನೂ ಕಾಣಲಿಲ್ಲ. ಅವಳು ಕೈ ಹಿಂದಕ್ಕೆ ಎಳೆದುಕೊಂಡಾಗ ಮೊಣಕೈ ಕೆಳಗೆ ಬೆಂದ ಗೆಣಸಿನ ಸಿಪ್ಪೆ ಬಿಡುವಂತೆ ಚರ್ಮ ಬಿಟ್ಟಿತ್ತು. ಲೋಳೆಸರ ಹಚ್ಚಿಕೊಂಡು ಎರಡು ತಿಂಗಳು ಆ ಕೈಯನ್ನು ಎತ್ತಿ ಹಿಡಿದುಕೊಂಡೇ ಓಡಾಡಿದಳು.

ಈಗ ನಾನು ಮಕ್ಕಳಿಗೆ ಹೇಳುತ್ತೇನೆ: ಬೆಳ್ಳಗೆ ಕಾಣುವುದು ಹಬೆಯಲ್ಲ, ಅದು ತಣ್ಣಗಾಗಿ ಹನಿಯಾಗುತ್ತಿರುವ ನೀರು. ನಿಜವಾದ ಹಬೆ ಕಣ್ಣಿಗೆ ಕಾಣುವುದಿಲ್ಲ. ಕುದಿಯುವ ನೀರಿಗಿಂತ ಹಬೆ ಹೆಚ್ಚು ಸುಡುತ್ತದೆ, ಏಕೆಂದರೆ ನೀರು ಹಬೆಯಾಗುವಾಗ ನುಂಗಿದ ಶಾಖವನ್ನೆಲ್ಲ ಮತ್ತೆ ನೀರಾಗುವಾಗ ನಿಮ್ಮ ಚರ್ಮದ ಮೇಲೆ ಕಕ್ಕುತ್ತದೆ. ಒಂದು ಲೋಟ ನೀರು ಹಬೆಯಾದರೆ ಸಾವಿರದ ಆರುನೂರು ಲೋಟಕ್ಕೂ ಮೀರಿ ಜಾಗ ಕೇಳುತ್ತದೆ. ಜಾಗ ಕೊಡದಿದ್ದರೆ? ಎಂದು ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳುತ್ತಾರೆ. ಜಾಗ ಕೊಡದಿದ್ದರೆ ನೀರು ನೂರು ಡಿಗ್ರಿ ದಾಟಿದರೂ ನೀರಾಗಿಯೇ ಕೂತಿರುತ್ತದೆ, ಕಾಯುತ್ತಿರುತ್ತದೆ, ಎಲ್ಲಾದರೂ ತಗಡು ಬಿಟ್ಟರೆ ಇದ್ದಷ್ಟೂ ನೀರು ಒಂದೇ ಕ್ಷಣಕ್ಕೆ ಹಬೆಯಾಗುತ್ತದೆ ಎನ್ನುತ್ತೇನೆ. ಪರೀಕ್ಷೆಗೆ ಬರುವುದಿಲ್ಲ, ಆದರೂ ಹೇಳುತ್ತೇನೆ. ಪಾಪ, ಇವಳಿಗೆ ಗೊತ್ತಿರಲಿಲ್ಲ ಎಂದು ನೀವು ಆಮೇಲೆ ಹೇಳಬಾರದು ನೋಡಿ, ಅದಕ್ಕೇ ಈ ಪಾಠವನ್ನೂ ಇಲ್ಲೇ ಬರೆದಿದ್ದೇನೆ.

ಈಗ ಕೊಪ್ಪರಿಗೆಯ ಕಾಲ ಹೋಗಿದೆ. ಹೊಲದಿಂದ ಹೊಲಕ್ಕೆ ಟ್ರ್ಯಾಕ್ಟರು ಎಳೆದು ತರುವ ಬಾಯ್ಲರು ಬಂದಿದೆ. ಮಾದೇವನ ಹೊಲಕ್ಕೆ ಬರುವುದು ತಾಳವಾಡಿ ಕಡೆಯ ಪಳನಿ ಎಂಬವರ ಬಾಯ್ಲರು. ಗಾಲಿಯ ಮೇಲೆ ಅಡ್ಡ ಮಲಗಿಸಿದ ಒಂದು ದೊಡ್ಡ ನೀರಿನ ಪೀಪಾಯಿ ಎಂದುಕೊಳ್ಳಿ. ಅದರ ಕೆಳಗೆ ಸೌದೆ ಉರಿಯುವ ಬಾಯಿ. ಅಕ್ಕಪಕ್ಕದಲ್ಲಿ ಅರಿಶಿನ ತುಂಬುವ ಎರಡು ಡ್ರಮ್ಮು. ಪೀಪಾಯಿಯಿಂದ ಡ್ರಮ್ಮುಗಳಿಗೆ ಪೈಪು, ಪೈಪಿಗೆ ನಲ್ಲಿ. ನಲ್ಲಿ ತಿರುಗಿಸಿದರೆ ಹಬೆ ಅರಿಶಿನದೊಳಗೆ ನುಗ್ಗಿ ಅದನ್ನು ಬೇಯಿಸುತ್ತದೆ. ಪೀಪಾಯಿಯ ನೆತ್ತಿಯ ಮೇಲೆ ಒಂದು ಮೋಟು ಕೊಳವೆ, ಅದಕ್ಕೊಂದು ಮುಚ್ಚಳ, ಮುಚ್ಚಳವನ್ನು ಒತ್ತಿಹಿಡಿದ ಒಂದು ಕಬ್ಬಿಣದ ಕಂಬಿ, ಕಂಬಿಯ ತುದಿಯಲ್ಲಿ ತೂಕದ ಗುಂಡು. ಒಳಗೆ ಹಬೆ ಹೆಚ್ಚಾದರೆ ಅದೇ ಕಂಬಿಯನ್ನು ಎತ್ತಿಕೊಂಡು ಹೊರಗೆ ಹೋಗುತ್ತದೆ. ಹೋಗುವಾಗ ಅರಚುತ್ತದೆ. ಮೊದಲ ವರ್ಷ ಆ ಅರಚಾಟ ಕೇಳಿ ನಾನು ಕೈಯಲ್ಲಿದ್ದ ಕಾಫಿಯನ್ನು ಮಾದೇವನ ಹೆಂಡತಿ ರತ್ನಳ ಮೇಲೆ ಚೆಲ್ಲಿದ್ದೆ. ಹೊಲದ ತುಂಬ ನಗು. ರತ್ನ ಮಾತ್ರ ಸೀರೆ ಹಿಂಡಿಕೊಂಡಳು. ಅವಳದು ಮಾತು ಕಡಿಮೆ.

ನಮ್ಮಲ್ಲಿ ಬಾಯ್ಲರಿಗೆ ಉರಿ ಹಚ್ಚುವ ಮೊದಲು ಪೂಜೆ ಮಾಡುತ್ತಾರೆ. ಆಯುಧಕ್ಕೆ ಮಾಡುವಂಥ ಪೂಜೆಯಲ್ಲ, ಹೆಣ್ಣುಮಗಳಿಗೆ ಮಾಡುವಂಥದ್ದು. ಊರಿಗೆಲ್ಲ ಅರಿಶಿನ ಬೇಯಿಸಿಕೊಡುವವಳನ್ನು ಬರಿಗೈಯಲ್ಲಿ ನಿಲ್ಲಿಸಬಾರದಂತೆ. ಅರಿಶಿನ ಕುಂಕುಮ, ಬಳೆ, ಎಲೆಯಡಿಕೆ, ಒಂದು ರವಿಕೆ ಕಣ ಕೊಡಬೇಕು. ಕೊಡಬೇಕಾದವಳು ಮನೆಯ ಮಗಳು. ಹಾಗಾಗಿ ಅರಿಶಿನ ಕೀಳುವ ದಿನ ಗೊತ್ತಾದ ಕೂಡಲೇ ಮಾದೇವ ಫೋನು ಮಾಡುತ್ತಾನೆ. ನಾನು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಒಂದು ಬಸ್ಸು, ಅಲ್ಲಿಂದ ಊರಿಗೆ ಒಂದು ಬಸ್ಸು ಹಿಡಿದು, ಹಬೆಗೆ ಹೆದರಿಕೊಂಡೇ ಹೋಗಿ ಹಬೆಯ ಯಂತ್ರಕ್ಕೆ ಮಡಿಲು ತುಂಬುತ್ತೇನೆ.

ರವಿಕೆ ಕಣದ ವಿಷಯ ನಿಮಗೆ ಗೊತ್ತೇ ಇದೆ. ಯಾವ ಹೆಂಗಸಿನ ಬೀರು ತೆರೆದರೂ ಇಪ್ಪತ್ತು ಮೂವತ್ತು ಸಿಗುತ್ತವೆ. ಒಂದನ್ನೂ ಯಾರೂ ಹೊಲಿಸುವುದಿಲ್ಲ. ಅರಿಶಿನ ಕುಂಕುಮಕ್ಕೆ ಬಂದವರಿಗೆ ಕೊಡುತ್ತೇವೆ, ಅವರು ಇನ್ನೊಬ್ಬರಿಗೆ ಕೊಡುತ್ತಾರೆ, ಅದು ಜಿಲ್ಲೆಯೆಲ್ಲ ಸುತ್ತಿ ಮೂರು ವರ್ಷದ ಮೇಲೆ ನಮ್ಮ ಮನೆಗೇ ವಾಪಸು ಬರುತ್ತದೆ. ಹೋದ ವರ್ಷ ನಾನು ತೆಗೆದುಕೊಂಡು ಹೋದದ್ದು ಹಾಗೆ ಎರಡನೇ ಸಲ ವಾಪಸು ಬಂದ ಕೆಂಪು ಬಣ್ಣದ್ದು. ಹೊಳೆಯುವ ನೂಲು, ಗಟ್ಟಿ ನೇಯ್ಗೆ, ಹರಿಯೋಣವೆಂದರೂ ಹರಿಯದು. ರವಿಕೆಗೆ ಬರುವುದಿಲ್ಲ, ಬಾಯ್ಲರಿಗೆ ಆದೀತು ಎಂದು ಎತ್ತಿಟ್ಟುಕೊಂಡೆ. ದಾನಕ್ಕೆ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುತ್ತಾರಲ್ಲ, ಆ ಧೈರ್ಯ.

ಪಳನಿಯವರು ಹತ್ತಿರ ಇದ್ದಿದ್ದರೆ ಎಲ್ಲಿ ಕಟ್ಟಬೇಕೆಂದು ತೋರಿಸುತ್ತಿದ್ದರು. ಹಿಂದಿನ ವರ್ಷಗಳಲ್ಲಿ ಮುಂಭಾಗದ ಹಿಡಿಗೆ ಸಡಿಲವಾಗಿ ಸುತ್ತಿಸಿದ್ದರು. ಆ ದಿನ ಅವರು ಸೌದೆ ಇಳಿಸುವ ಕಡೆ ಇದ್ದರು. ರತ್ನ ತಟ್ಟೆ ಹಿಡಿದಿದ್ದಳು. ನಾನು ನಲ್ಲಿಗಳಿಗೆ ಬಳೆ ತೊಡಿಸಿದೆ. ಒತ್ತಡ ತೋರಿಸುವ ಗಡಿಯಾರದಂಥ ಗಾಜಿನ ಮೀಟರು ಇತ್ತು. ಅದು ದುಂಡಗೆ ಮುಖದ ಹಾಗಿದ್ದುದರಿಂದ ಅದಕ್ಕೆ ಮೂರೆಳೆ ವಿಭೂತಿ ಬಳಿದು, ನಡುವೆ ಕಾಸಗಲ ಕುಂಕುಮ ಇಟ್ಟೆ. ಆಮೇಲೆ ಪಕ್ಕದ ಏಣಿಯ ಎರಡು ಮೆಟ್ಟಿಲು ಹತ್ತಿ ರವಿಕೆ ಕಣ ಕಟ್ಟಲು ಜಾಗ ಹುಡುಕಿದೆ. ಎದುರಿಗೆ ಆ ಕಂಬಿ ತೋಳು ಚಾಚಿಕೊಂಡಿತ್ತು. ಕಣವನ್ನು ಹಗ್ಗದಂತೆ ಹೊಸೆದು, ಕಂಬಿಯನ್ನೂ ಕೊಳವೆಯನ್ನೂ ಸೇರಿಸಿ ಸುತ್ತಿ, ಗಾಳಿಗೆ ಬಿಚ್ಚಿಕೊಳ್ಳದಿರಲಿ ಎಂದು ಎರಡು ಗಂಟು ಹಾಕಿದೆ.

ಗಾಳಿಗೆ ಎಂದು ಬರೆದೆ. ಇಷ್ಟು ದಿನ ಎಲ್ಲರಿಗೂ ಹಾಗೆಯೇ ಹೇಳಿದ್ದೇನೆ. ಎರಡನೇ ಗಂಟು ಬಿಗಿಯುವಾಗ, ತಾಯೀ ಈ ಸಲ ಅರಚಬೇಡ ಎಂದು ಬೇಡಿಕೊಂಡೇ ಬಿಗಿದೆ. ಆ ಕಂಬಿಯ ಕೆಲಸವೇನು ಎಂದು ನನಗೆ ಗೊತ್ತಿತ್ತು. ಬೋರ್ಡಿನ ಮೇಲೆ ಅದರ ಚಿತ್ರ ಬರೆದು ಹೆಸರು ಗುರುತಿಸಿದವಳು ನಾನು. ಆದರೆ ತಟ್ಟೆ, ಕುಂಕುಮ, ಬಳೆ ಎಲ್ಲ ಕೈಯಲ್ಲಿರುವಾಗ ಅದು ಆ ಚಿತ್ರದಲ್ಲಿದ್ದ ಕಂಬಿ ಎಂದು ಹೊಳೆಯಲೇ ಇಲ್ಲ. ಬೆಳಿಗ್ಗೆಯೆಲ್ಲ ಅದು ಅರಚಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಮೊದಲ ಎರಡು ಸರದಿ ಸರಾಗವಾಗಿ ಆಯಿತು. ನಲ್ಲಿ ತೆರೆದಿತ್ತು, ಹಬೆ ಡ್ರಮ್ಮಿಗೆ ಹೋಗುತ್ತಿತ್ತು, ಅರಿಶಿನದ ಘಾಟು ಹೊಲದ ತುಂಬ ಕಟ್ಟಿತ್ತು. ಬೆಂದದ್ದನ್ನು ಹೆಂಗಸರು ಪುಟ್ಟಿಯಲ್ಲಿ ಹೊತ್ತು ಟಾರ್ಪಾಲಿನ ಮೇಲೆ ಹರಡಿದರು. ಹೊತ್ತು ನೆತ್ತಿಗೆ ಬಂದಿತ್ತು. ಮುಂದಿನ ಸರದಿ ತುಂಬುವ ಮೊದಲು ಉಂಡುಬಿಡೋಣ ಎಂದು ಮಾದೇವ ಹೇಳಿದ. ಎರಡೂ ನಲ್ಲಿ ಮುಚ್ಚಿದರು. ಊಟ ಮುಗಿಯುವುದರೊಳಗೆ ಉರಿ ತಗ್ಗಬಾರದು ಎಂದು ಅವನೇ ಒಲೆಯ ಬಾಯಿಗೆ ಮೂರು ದಪ್ಪ ಸೌದೆ ತಳ್ಳಿ, ಅಲ್ಲೇ ಸೌದೆಯ ರಾಶಿಯ ಮೇಲೆ ಮುದ್ದೆಯ ತಟ್ಟೆ ಇಟ್ಟುಕೊಂಡು ಕೂತ. ಪಳನಿಯವರು ಕೈ ತೊಳೆಯಲು ಪಂಪಿನ ಮನೆಯ ಕಡೆ ಹೋದರು. ನಾನು ಮತ್ತು ರತ್ನ ಬಾಯ್ಲರಿನ ನೆರಳಿನಲ್ಲೇ ಕೂತೆವು. ಹೌದು, ನಾನು, ಬಾಯ್ಲರಿನ ನೆರಳಿನಲ್ಲಿ. ಅದು ಸದ್ದಿಲ್ಲದೆ ಇತ್ತು, ನನಗೂ ಧೈರ್ಯ ಬಂದಿತ್ತು.

ಉಪ್ಪುಸಾರು ಚೆನ್ನಾಗಿತ್ತು. ಮಾದೇವ ಎರಡನೇ ತುತ್ತು ನುಂಗಿ ನನ್ನ ಕಡೆ ತಿರುಗಿದ.

"ಅಕ್ಕ, ನೀನು ಕಣ ಕಟ್ಟಿದ ಗಳಿಗೆ ಬೋ ಚೆನ್ನಾಗಿ ಅದ. ಇವತ್ತು ಒಂದ್ಸಲಾನೂ ಅರಚ್ನಿಲ್ಲ ನೋಡು."

ಎಲ್ಲರೂ ನಕ್ಕರು. ನನಗೂ ಹೆಮ್ಮೆಯಾಯಿತು. ಮುದ್ದೆಯ ತುತ್ತು ಬಾಯಿಗೆ ಹಾಕಿಕೊಂಡೆ. ನುಂಗುವ ಹೊತ್ತಿಗೆ ಆ ಮಾತು ಒಳಗೆ ಇಳಿಯಿತು. ಪ್ರತಿ ವರ್ಷ ಅದು ಅರಚುತ್ತಿದ್ದುದು ಇದೇ ಹೊತ್ತಿನಲ್ಲಿ, ನಲ್ಲಿ ಮುಚ್ಚಿ ಊಟಕ್ಕೆ ಕೂತಾಗ. ತಲೆ ಎತ್ತಿ ನೋಡಿದೆ. ಕೆಂಪು ಕಣ ನೆನೆದು, ಒಣಗಿ, ಮರದ ಗಂಟಿನಂತೆ ಬಿಗಿದುಕೊಂಡಿತ್ತು. ಕಂಬಿಯ ಬುಡದಲ್ಲಿ ಒಂದೆಳೆ ಬಿಳಿ ಕೂಡ ಇರಲಿಲ್ಲ. ಮೀಟರಿನ ಮುಳ್ಳು ನೋಡೋಣವೆಂದರೆ ಗಾಜಿನ ಮೇಲೆ ನಾನೇ ಬಳಿದ ವಿಭೂತಿ ಕುಂಕುಮ. ಒಳಗೆ ನೀರು ನೂರು ಡಿಗ್ರಿ ಎಂದೋ ದಾಟಿ, ಇನ್ನೂ ನೀರಾಗಿಯೇ ಕೂತಿತ್ತು. ಕೆಳಗೆ ಮೂರು ಹೊಸ ಸೌದೆ ಹತ್ತಿಕೊಂಡಿದ್ದವು. ಒಲೆಯ ಬಾಯಿಯಿಂದ ಎರಡು ಮೊಳ ದೂರದಲ್ಲಿ ನನ್ನ ತಮ್ಮ ಸಾರು ಸೊರ್ ಎನ್ನಿಸಿ ಎಳೆಯುತ್ತಿದ್ದ.

ಇಲ್ಲಿ ನಿಮಗೆ ಸುಳ್ಳು ಹೇಳಬಹುದಿತ್ತು, ಯಾರೂ ಹಿಡಿಯುತ್ತಿರಲಿಲ್ಲ. ನಾನು ಕೂಗಲಿಲ್ಲ. ಮಾದೇವನನ್ನು ಎಬ್ಬಿಸಲಿಲ್ಲ. ಎದ್ದು ಓಡಿದೆ. ತಟ್ಟೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಸೀರೆ ಮೊಣಕಾಲಿಗೆ ಎತ್ತಿಕೊಂಡು, ರತ್ನಳ ಕಾಲು ದಾಟಿ, ಟಾರ್ಪಾಲಿನ ಮೇಲೆ ಹರಡಿದ್ದ ಬಿಸಿ ಅರಿಶಿನದ ಮೇಲೆ ಜಾರಿಕೊಂಡು, ಐವತ್ತೆರಡು ವರ್ಷದ ಹೆಂಗಸು ಪಂಪಿನ ಮನೆಯ ಗೋಡೆಯ ಹಿಂದೆ ಹೋಗಿ ನಿಂತೆ. ಗೋಡೆ ನನಗೂ ಬಾಯ್ಲರಿಗೂ ನಡುವೆ ಬಂದ ಮೇಲೆ ನನ್ನ ಬಾಯಿ ಬಿಟ್ಟಿತು. ತಲೆ ಮಾತ್ರ ಹೊರಗೆ ಚಾಚಿ, ಮಾದೇವ ಎದ್ದು ಬಾ, ಎದ್ದು ಬಾ ಎಂದು ಕೂಗತೊಡಗಿದೆ.

ಅವನು ಏಳಲಿಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಕ್ಕನಿಗೆ ಹಬೆ ಬಡಿಯಿತು ಎಂದು ಯಾರೋ ಅಂದರು. ಮಾದೇವ ಎಂಜಲು ಕೈಯನ್ನೇ ಎತ್ತಿ ನನಗೆ ಟಾಟಾ ಮಾಡಿದ. ಆ ಕೈ ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಇಪ್ಪತ್ತಾರು ವರ್ಷದಿಂದ ನಾನು ನಗಿಸಿಕೊಂಡು ಬಂದಿದ್ದರಿಂದ, ಆ ಗಳಿಗೆಯಲ್ಲಿ ನನ್ನ ಮಾತನ್ನು ನಂಬುವವರು ಆ ಹೊಲದಲ್ಲಿ ಒಬ್ಬರೂ ಇರಲಿಲ್ಲ.

ನಂಬಿದ್ದು ಪಳನಿಯವರು. ಅವರು ಪಂಪಿನ ಹತ್ತಿರವೇ ಕೈ ಒರೆಸಿಕೊಳ್ಳುತ್ತಿದ್ದರು. ನನ್ನ ಮುಖ ನೋಡಿದರು, ನಾನು ನೋಡುತ್ತಿದ್ದ ಕಡೆ ನೋಡಿದರು, ಕಂಬಿಗೆ ಕಟ್ಟಿದ್ದ ಕೆಂಪು ಬಟ್ಟೆ ಕಂಡಿತು. ಅವರ ಮುಖದ ಬಣ್ಣ ಇಳಿದದ್ದು ನನಗೆ ಗೊತ್ತಾಯಿತು. ತಮಿಳಿನಲ್ಲಿ ಏನೋ ಕೂಗಿಕೊಂಡು ಓಡಿದರು. ಬಾಯ್ಲರಿನ ಕಡೆಗೆ ಓಡಿದರು. ಮಾದೇವನ ಅಂಗಿಯ ಕತ್ತುಪಟ್ಟಿ ಹಿಡಿದು ಎಳೆದು ಪಕ್ಕಕ್ಕೆ ತಳ್ಳಿದರು. ಹೆಂಗಸರನ್ನೆಲ್ಲ ಬದುವಿನ ಆಚೆ ಅಟ್ಟಿದರು. ಹಾರೆಯಿಂದ ಉರಿಯುವ ಸೌದೆಗಳನ್ನು ಹೊರಗೆ ಎಳೆದು ಹಾಕಿದರು. ಆಮೇಲೆ ಪೀಪಾಯಿಗೆ ಬೆನ್ನು ತಿರುಗಿಸಿ ಕೂತು, ಖಾಲಿ ಡ್ರಮ್ಮಿನ ನಲ್ಲಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸತೊಡಗಿದರು. ಹೊಲದಲ್ಲಿ ಯಾರೂ ನಗುತ್ತಿರಲಿಲ್ಲ.

ಮೊದಲು ಡ್ರಮ್ಮಿನೊಳಗೆ ಗುಂಯ್ ಎಂದಿತು. ಆಮೇಲೆ ಅದರ ಮುಚ್ಚಳ ಹಾರಿಹೋಯಿತು. ಹೊಲದ ಅರ್ಧ ಬೆಳ್ಳಗೆ ಮುಚ್ಚಿಕೊಂಡು ಪಳನಿಯವರೇ ಕಾಣದಾದರು. ಎಷ್ಟು ಹೊತ್ತೋ ತಿಳಿಯದು. ನಾನು ಗೋಡೆಗೆ ಹಣೆ ಒತ್ತಿಕೊಂಡು, ಅವರು ಹೊರಗೆ ಬರಲಿ, ಅವರು ಹೊರಗೆ ಬರಲಿ ಎನ್ನುತ್ತಿದ್ದೆ. ಬಂದರು. ನೆನೆದು ತೊಪ್ಪೆಯಾಗಿದ್ದರು, ಒಂದು ಕಿವಿ ಕೆಂಪಾಗಿತ್ತು. ತೆಂಗಿನಕಾಯಿ ಕೀಳುವ ದೋಟಿಯ ತುದಿಯ ಕುಡುಗೋಲಿನಿಂದ ಮೇಲಿನ ಕಣವನ್ನು ಕುಯ್ದರು. ಕಂಬಿ ನೆಗೆದು ನಿಂತು ಅರಚಿತು. ಅಷ್ಟು ಹಬೆ ಹೋದ ಮೇಲೂ ಅದಕ್ಕೆ ಅರಚಲು ಉಳಿದಿತ್ತು. ಟವೆಲಿನಿಂದ ಮೀಟರಿನ ಗಾಜು ಒರೆಸಿದಾಗ ಮುಳ್ಳು ಇನ್ನೂ ಕೆಂಪು ಗೆರೆಯ ಮೇಲಿಂದ ಇಳಿಯುತ್ತಿತ್ತಂತೆ. ನಾನು ಹತ್ತಿರ ಹೋಗಿ ನೋಡಲಿಲ್ಲ.

ಪಳನಿಯವರು ಬೈಯಲಿಲ್ಲ. ನನ್ನ ಹತ್ತಿರ ಬಂದು, ಕುಯ್ದ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದರು: "ಎಲ್ಲಿ ಬೇಕಾದ್ರೂ ಕಟ್ಟಿ ಅಮ್ಮಾ. ಅಲ್ಲಿ ಮಾತ್ರ ವೇಣಾಂ. ಅದು ಉಸುರು ಬುಡೋ ಜಾಗ."

ಒಂದು ಗಂಟೆಯೊಳಗೆ ಊರಿನಲ್ಲಿ ಕಥೆ ತಯಾರಾಗಿತ್ತು. ಟೀಚರಮ್ಮ ಕೂತ ಜಾಗದಿಂದಲೇ ನೋಡಿ ಕಂಡುಹಿಡಿದುಬಿಟ್ಟರಂತೆ, ಓದಿದವರು ಅಂದರೆ ಸುಮ್ಮನೆಯೇ, ಅವರು ಕೂಗದೇ ಇದ್ದಿದ್ದರೆ ಮಾದೇವನ ಮೂಳೆಯೂ ಸಿಗುತ್ತಿರಲಿಲ್ಲವಂತೆ. ಮಾದೇವ ಬಂದವರಿಗೆಲ್ಲ ಅದನ್ನೇ ಹೇಳಿದ. ನಮ್ಮ ಯಜಮಾನರಿಗೆ ಫೋನು ಮಾಡಿ, ಭಾವ, ಇನ್ನು ಮೇಲೆ ಅಕ್ಕನ್ನ ಆಡ್ಕೊಂಡು ನಗಬೇಡಿ ಎಂದ. ಕಣ ಕಟ್ಟಿದ್ದು ಯಾರು ಎಂದು ಯಾರೂ ಎತ್ತಲಿಲ್ಲ; ಪೂಜೆಯಲ್ಲಿ ಆದದ್ದಕ್ಕೆ ತಪ್ಪು ಹುಡುಕುವ ಪದ್ಧತಿ ನಮ್ಮಲ್ಲಿಲ್ಲ. ನಾನೂ ಎತ್ತಲಿಲ್ಲ. ಮೊದಲು ಓಡಿದಳೋ ಮೊದಲು ಕೂಗಿದಳೋ ಎಂದೂ ಯಾರೂ ಕೇಳಲಿಲ್ಲ. ಎಲ್ಲರೂ ನಗುವುದರಲ್ಲಿದ್ದರು, ಯಾರು ನೋಡಿರುತ್ತಾರೆ ಎಂದುಕೊಂಡು ನಾನು ತಲೆ ತಗ್ಗಿಸಿ, ಕೊಟ್ಟ ಕಾಫಿ ಕುಡಿದೆ. ಅಂದು ನನಗೆ ಸಿಕ್ಕಿದಷ್ಟು ಮರ್ಯಾದೆ ನನ್ನ ಮದುವೆಯಲ್ಲೂ ಸಿಕ್ಕಿರಲಿಲ್ಲ.

ಸಂಜೆ ಎಲ್ಲರೂ ಮನೆಯ ಕಡೆ ಹೋದ ಮೇಲೆ ನಾನು ಒಬ್ಬಳೇ ಹೊಲಕ್ಕೆ ಬಂದು, ಉಣ್ಣಲು ಕೂತಿದ್ದ ಜಾಗದಿಂದ ಪಂಪಿನ ಮನೆಯ ಗೋಡೆಯವರೆಗೆ ನಡೆದು ನೋಡಿದೆ. ನಲವತ್ತೆರಡು ಹೆಜ್ಜೆ. ಒಂದು ಹೆಜ್ಜೆಗೆ ಒಂದು ಮಾತಾದರೂ ನಲವತ್ತೆರಡು ಮಾತು ಆಡಬಹುದಿತ್ತು. ತೊಟ್ಟಿಲಿನಿಂದ ಎತ್ತಿ ಆಡಿಸಿದ ತಮ್ಮ ಅವನು. ನನ್ನ ಬಗ್ಗೆ ನನಗೆ ಹೆದರಿಕೆ ಹುಟ್ಟಿದ್ದು ಆ ಸಂಜೆ. ಕುಕ್ಕರಿನ ಹೆದರಿಕೆ ಹಿತ್ತಲಿಗೆ ಹೋದರೆ ತಪ್ಪುತ್ತದೆ, ಇದು ಹೋದಲ್ಲೆಲ್ಲ ಜೊತೆಗೆ ಬರುತ್ತದೆ.

ಬಸ್ ಸ್ಟ್ಯಾಂಡಿನವರೆಗೆ ರತ್ನ ಬಂದಳು. ಚೀಲದಲ್ಲಿ ಅವರೆಕಾಯಿ, ಒಂದು ಸೋರೆಕಾಯಿ ತುಂಬಿಕೊಂಡು, ನಾನು ಕೇಳಿದರೂ ಕೊಡದೆ ತಾನೇ ಹೊತ್ತುಕೊಂಡಿದ್ದಳು. ಬೆಳಿಗ್ಗೆಯಿಂದ ಅವಳು ನನ್ನೊಡನೆ ಆಡಿದ ಮಾತು ಎಣಿಸಿದರೆ ನಾಲ್ಕಾಗುತ್ತಿರಲಿಲ್ಲ. ಎಂದಿನ ಹಾಗೆ ಎಂದುಕೊಂಡಿದ್ದೆ. ಬಸ್ಸಿನ ದೀಪ ತಿರುವಿನಲ್ಲಿ ಕಂಡಾಗ ಅವಳು ಚೀಲವನ್ನು ನನ್ನ ಕೈಗೆ ಕೊಟ್ಟು, ಹಿಡಿಯನ್ನು ಸರಿಮಾಡುತ್ತಾ ಹೇಳಿದಳು. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ.

"ಅಕ್ಕ, ಮುಂದ್ಲ ಸತಿ ಓಡುವಾಗ ಬಾಯಿಗೆ ಮಾತು ಬರ್ದೇ ಇದ್ರೆ ಬುಡಿ. ನನ್ನ ಕೈಯ್ಯ ಒಂದ ಇಡ್ಕಂಡು ಎಳ್ಕೊಂಡು ಓಗಿ. ಪಕ್ಕದಲ್ಲೇ ಕುಂತಿರ್ತೀನಿ."

ನಾನು ಹೂಂ ಅಂದೆ. ಬಸ್ಸು ಹತ್ತಿದೆ. ಕಿಟಕಿಯಿಂದ ತಿರುಗಿ ನೋಡುವುದಕ್ಕೆ ಮುಖವಿರಲಿಲ್ಲ.

ಆ ಹೂಂ ನಿಜವೋ ಸುಳ್ಳೋ ಎಂದು ಒಂದು ವರ್ಷದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಹಿಡಿಯುತ್ತೇನೆ ಎಂದು ಹಗಲು ಹೊತ್ತು ಅನ್ನಿಸುತ್ತದೆ. ಆದರೆ ಆ ದಿನ ನನ್ನ ಕಾಲು ನನ್ನನ್ನು ಕೇಳಿಕೊಂಡು ಓಡಿರಲಿಲ್ಲ. ನಿನ್ನೆ ಮಾದೇವ ಫೋನು ಮಾಡಿದ್ದ. ಅರಿಶಿನ ಕಿತ್ತಾಗಿದೆಯಂತೆ, ಬರುವ ಭಾನುವಾರ ಪಳನಿಯವರ ಬಾಯ್ಲರು ಬರುತ್ತದಂತೆ. ಮನೆಯ ಮಗಳು ಇಲ್ಲದೆ ಉರಿ ಹಚ್ಚುವುದಿಲ್ಲ ಎಂದ. ನಿಮ್ಮ ಪಕ್ಕವೇ ಕೂತು ಊಟ ಮಾಡುತ್ತೇನೆ ಎಂದು ರತ್ನ ಹೇಳಿ ಕಳಿಸಿದ್ದಾಳೆ.